ನಂಬರ್ ಇಲ್ಲದ ಎಂಟು ಮಾತ್ರೆ

ನಮಸ್ಕಾರ ಮೇಡಂ. ನಮ್ಮ ಬಳಕೆದಾರರ ಸಂಘದ ಪುಸ್ತಕಕ್ಕೆ ಎರಡು ಪುಟ ಬರೆದುಕೊಡಿ ಎಂದಿರಿ. ಪೆನ್ನು ಹಿಡಿದರೆ ನನ್ನ ಕೈ ನಡುಗುತ್ತದೆ, ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಹೀಗೆ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದೇನೆ. ಬರಹದ ಕನ್ನಡಕ್ಕೆ ನೀವೇ ತಿದ್ದಿಕೊಳ್ಳಿ. ಬೈದದ್ದನ್ನು ಮಾತ್ರ ತೆಗೆಯಬೇಡಿ, ಅದನ್ನು ಯೋಚನೆ ಮಾಡಿಯೇ ಬೈದಿರುತ್ತೇನೆ.

ಮೊದಲು ನನ್ನ ಕಸುಬು. ನಲವತ್ತೊಂದು ವರ್ಷ ಒಂದೇ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವನು ನಾನು. ಮಾಲೀಕನಲ್ಲ, ಕೆಲಸದವನು. ಬೀದಿಯವರೆಲ್ಲ ನನ್ನನ್ನು ಕತ್ತರಿ ಮಾಮ ಎನ್ನುತ್ತಿದ್ದರು, ಏಕೆಂದರೆ ನಾನು ಕೌಂಟರಿನಲ್ಲಿ ಇದ್ದೇನೆಂದರೆ ಕೈಯಲ್ಲಿ ಕತ್ತರಿ ಇದ್ದೇ ಇರುತ್ತಿತ್ತು. ತಲೆನೋವಿಗೆ ಎರಡು ಕೊಡಿ, ಚರಕ್. ಜ್ವರಕ್ಕೆ ನಾಲ್ಕು, ಚರಕ್.

ಸ್ಟ್ರಿಪ್ ಕತ್ತರಿಸುವುದರಲ್ಲಿ ಏನು ವಿದ್ಯೆ ಇದೆ ಎಂದು ಕೇಳಬೇಡಿ. ಇದೆ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಬ್ಯಾಚ್ ನಂಬರೂ, ಯಾವಾಗ ಮಾಡಿದ್ದು ಯಾವಾಗ ಕೆಡುತ್ತದೆ ಎಂಬ ತಾರೀಖೂ ಒಂದೇ ತುದಿಯಲ್ಲಿ ಒತ್ತಿರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಯಜಮಾನರು ನನ್ನ ಕಿವಿ ಹಿಡಿದು ಹೇಳಿಕೊಟ್ಟದ್ದು ಒಂದೇ ಪಾಠ.

"ನೋಡೋ, ನಂಬರ್ ಇರೋ ತುದಿ ಅಂಗಡಿದು. ಆಚೆ ತುದಿ ಗಿರಾಕಿದು. ಉಲ್ಟಾ ಕತ್ತರಿಸಿದ್ಯೋ, ಮನೆಗೆ ಹೋಗ್ತಾ ಇರು."

ಕಾರಣ ಸರಳ. ಇನ್ಸ್‌ಪೆಕ್ಟರ್ ಬಂದಾಗ ಅಂಗಡಿಯಲ್ಲಿ ನಂಬರ್ ಇಲ್ಲದ ಮಾತ್ರೆ ಸಿಕ್ಕರೆ ದಂಡ. ಗಿರಾಕಿಯ ಮನೆಗೆ ಯಾವ ಇನ್ಸ್‌ಪೆಕ್ಟರೂ ಹೋಗುವುದಿಲ್ಲ. ಹಾಗಾಗಿ ಇಡೀ ಸ್ಟ್ರಿಪ್ ಕೊಳ್ಳುವವರಿಗೆ ನಂಬರ್ ಸಿಗುತ್ತದೆ, ನಾಲ್ಕು ಕೊಡಿ ಆರು ಕೊಡಿ ಎನ್ನುವವರಿಗೆ ಸಿಗುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ನುಂಗುವ ಮಾತ್ರೆಗೆ ಹುಟ್ಟಿದ ದಿನವೂ ಗೊತ್ತಿಲ್ಲ, ಸಾಯುವ ದಿನವೂ ಗೊತ್ತಿಲ್ಲ. ನಲವತ್ತೊಂದು ವರ್ಷ ಇದನ್ನು ಮಾಡಿದೆ ಮೇಡಂ, ಒಂದು ದಿನವೂ ತಪ್ಪು ಅನ್ನಿಸಲಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿಯುವ ಎರಡೆರಡು ಮಾತ್ರೆಯ ತುದಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆ. ಈ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ನೋಡಿ ಬರುತ್ತೇನೆ.

ನೀರಿನ ಕ್ಯಾನಿನವನು. ಹೋದ. ಎಲ್ಲಿದ್ದೆ? ಹಾಂ, ನನ್ನ ತಂಗಿ.

ನನಗೆ ಒಬ್ಬಳೇ ತಂಗಿ. ಹೊಲಿಗೆಯವಳು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ಮೆಷಿನ್ ಇದ್ದವು, ಅದರಲ್ಲಿ ಕಿಟಕಿ ಪಕ್ಕದ ಮೆಷಿನ್ ಇವಳದು. ಅಣ್ಣ ಕತ್ತರಿ, ತಂಗಿ ಸೂಜಿ ಎಂದು ಜನ ನಗುತ್ತಿದ್ದರು. ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಎಷ್ಟೋ ವರ್ಷ ಆದಮೇಲೆ ಒಂದು ಬಿಳಿ ಮಾತ್ರೆ ಹೊಂದಿಕೊಂಡಿತು. ಹಳೆಯ ಔಷಧಿ, ಅಗ್ಗದ್ದು, ರಾತ್ರಿ ಊಟ ಆದಮೇಲೆ ಒಂದು. ಒಂಬತ್ತು ವರ್ಷ ಒಂದೇ ಒಂದು ಸಲವೂ ಬೀಳಲಿಲ್ಲ.

ಮಾತ್ರೆ ನಮ್ಮ ಅಂಗಡಿಯಿಂದಲೇ. ಆದರೆ ಪುಕ್ಕಟೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಸಂಬಳ ವಾರಕ್ಕೊಮ್ಮೆ, ಮಾತ್ರೆಯೂ ವಾರಕ್ಕೊಮ್ಮೆ. ಒಂದು ವಾರ ಎಂಟು, ಮರುವಾರ ಆರು.

"ಇಡೀ ಸ್ಟ್ರಿಪ್ ತಗೊಂಡು ಹೋಗೇ, ಆಮೇಲೆ ಕೊಡುವಿಯಂತೆ" ಎಂದರೆ, "ನೀನು ಕತ್ತರಿಸು, ಭಾಷಣ ಬೇಡ" ಎನ್ನುವಳು. ನಾನು ಕತ್ತರಿಸಿದೆ. ಯಾವ ತುದಿಯಿಂದ? ಆಚೆ ತುದಿಯಿಂದಲೇ. ನನ್ನ ಒಡಹುಟ್ಟಿದವಳಿಗೂ!

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ವರ್ಕ್‌ಶಾಪಿನಿಂದ ಫೋನ್ ಬಂತು. ಹೊಲಿಯುತ್ತಿದ್ದವಳು ಮೆಷಿನ್ ಮೇಲೆಯೇ ಬಿದ್ದಿದ್ದಳು. ಸೂಜಿ ತೋರುಬೆರಳಿನ ಉಗುರಿನಲ್ಲಿ ಇಳಿದು ಆಚೆ ಬಂದಿತ್ತು. ನಾನು ಆಸ್ಪತ್ರೆಗೆ ಓಡಿದೆ. ಡಾಕ್ಟರು ಚೀಟಿಯಿಂದ ತಲೆಯನ್ನೇ ಎತ್ತಲಿಲ್ಲ.

"ಮಾತ್ರೆ ತಪ್ಪಿಸಿದ್ದೀರಿ."

"ಇಲ್ಲ ಡಾಕ್ಟ್ರೇ, ದಿನಾ ತಗೊಂಡಿದ್ದೀನಿ" ಎಂದಳು ತಂಗಿ.

"ಎಲ್ಲರೂ ಹಾಗೇ ಹೇಳೋದು. ಇದೇ ಕಂಪನಿಯದು ಹೊಸ ಮಾತ್ರೆ ಬಂದಿದೆ. ಸ್ವಲ್ಪ ಬೆಲೆ ಜಾಸ್ತಿ. ಅದಕ್ಕೆ ಬದಲಾಯಿಸಿಕೊಳ್ಳಿ."

ಸ್ವಲ್ಪ ಎಂದರೆ ಎಷ್ಟು ಗೊತ್ತೇ? ಆರು ಪಟ್ಟು.

ಹೊರಗೆ ಬಂದೆವು. ಆಗ ನಾನು ಒಂದು ಮಾತು ಆಡಿದೆ. ಈ ಕಥೆಯಲ್ಲಿ ಕಂಪನಿ ಮಾಡಿದ್ದನ್ನೆಲ್ಲ ಹೇಳುತ್ತೇನೆ, ಹಾಗಿರುವಾಗ ನಾನು ಆಡಿದ್ದನ್ನೂ ಹೇಳಲೇಬೇಕು.

"ನೆನಪು ಮಾಡ್ಕೊ. ಎಲ್ಲೋ ಒಂದೆರಡು ದಿನ ಮರ್ತಿರ್ತೀಯ. ಪರವಾಗಿಲ್ಲ ಬಿಡು."

ಬ್ಯಾಂಡೇಜ್ ಸುತ್ತಿದ ಬೆರಳನ್ನು ಎದೆಗೆ ಹಿಡಿದುಕೊಂಡು ಅವಳು ನಿಂತಳು.

"ನಿನ್ನ ಅಂಗಡಿ ಮಾತ್ರೆ ಮೇಲೆ ನಂಬಿಕೆ ಇದೆ, ತಂಗಿ ಮೇಲೆ ಇಲ್ಲ. ಅಲ್ವಾ ಅಣ್ಣ?"

"ಅಯ್ಯೋ, ಹಾಗಲ್ವೇ..."

"ಹಾಗೇ" ಎಂದಳು. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಬಾಯಿ ಮುಚ್ಚಿದ ನನ್ನ ತಂಗಿಯನ್ನು ನಾನು ಅದೇ ಮೊದಲು ನೋಡಿದ್ದು.

ಹತ್ತು ದಿನಕ್ಕೆ ಇನ್ನೊಂದು ಸಲ ಬಿದ್ದಳು. ಅದಾಗಿ ವಾರಕ್ಕೆ ಮೂರನೇ ಸಲ. ವರ್ಕ್‌ಶಾಪ್ ನಡೆಸುತ್ತಿದ್ದ ಅಕ್ಕ ಕೆಟ್ಟವಳಲ್ಲ, ಆದರೆ ಹೆದರಿಕೊಂಡಳು. "ಮಾತ್ರೆ ತಪ್ಪಿಸೋರನ್ನ ಕರೆಂಟ್ ಮೆಷಿನ್ ಮುಂದೆ ಕೂರಿಸೋಕಾಗಲ್ಲಮ್ಮ. ನಾಳೆ ನಿನ್ನ ಕೈಯೇ ಹೋದ್ರೆ?" ಎಂದು ಬಾಗಿಲ ಬಳಿ ಒಂದು ಸ್ಟೂಲ್ ಹಾಕಿಸಿ, ಹೊಲಿದ ಬಟ್ಟೆಯ ಉಳಿದ ದಾರ ಕತ್ತರಿಸುವ ಕೆಲಸ ಕೊಟ್ಟಳು. ಹೊಸದಾಗಿ ಸೇರಿದವರು ಮಾಡುವ ಕೆಲಸ ಅದು. ಇಪ್ಪತ್ತಾರು ವರ್ಷ ಕಾಲರ್ ಕೂರಿಸಿದ ಕೈ, ದಾರದ ತುಣುಕು ಕತ್ತರಿಸುತ್ತಾ ಕೂತಿತು. ಕಿಟಕಿ ಪಕ್ಕದ ಮೆಷಿನ್ ಖಾಲಿ. ತಪ್ಪು ತನ್ನದಲ್ಲ ಎಂದು ತೋರಿಸುವವರೆಗೂ ಖಾಲಿ.

ಮುಂದಿನದು ಅಂಗಡಿಯಲ್ಲಿ ಆದದ್ದು.

ಕಂಪನಿಯ ರೆಪ್ ಪ್ರತಿ ತಿಂಗಳ ಮೊದಲ ವಾರ ಬರುತ್ತಿದ್ದ. ಟೈ ಕಟ್ಟಿಕೊಂಡು, ದೊಡ್ಡ ಬ್ಯಾಗ್ ಹಿಡಿದುಕೊಂಡು, ಬಾಯಿ ತುಂಬ ನಗು ಇಟ್ಟುಕೊಂಡು. ಆ ತಿಂಗಳು ಮೂರನೇ ವಾರದಲ್ಲಿ ಬಂದ. ನಗು ಇರಲಿಲ್ಲ. ಬಂದವನೇ ಆ ಬಿಳಿ ಮಾತ್ರೆಯ ಡಬ್ಬ ತೆಗೆಸಿ, ಇಡೀ ಸ್ಟ್ರಿಪ್ಪುಗಳನ್ನೆಲ್ಲ ಬ್ಯಾಗಿಗೆ ತುಂಬಿ, ಹೊಸ ಡಬ್ಬ ಇಟ್ಟ.

"ಪ್ಯಾಕಿಂಗ್ ಬದಲಾಗಿದೆ ಅಂಕಲ್, ಅಷ್ಟೇ."

"ಕತ್ತರಿಸಿದ್ದು ಒಂದಷ್ಟಿದೆ, ಅದನ್ನೂ ಒಯ್ಯಪ್ಪ."

"ಕಟ್ ಸ್ಟ್ರಿಪ್ ನಾವು ಮುಟ್ಟಲ್ಲ. ಎಷ್ಟು ವರ್ಷದಿಂದ ಇದ್ದೀರಿ, ಅಷ್ಟೂ ಗೊತ್ತಿಲ್ವಾ?"

ಕತ್ತರಿಸಿದ ಸ್ಟ್ರಿಪ್ಪನ್ನು ಯಾವ ಕಂಪನಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ಅವರ ಕಟ್ಟುನಿಟ್ಟು. ನಾವು ಗೋಗರೆದರೂ ಮೂಗು ಮುರಿಯುತ್ತಿದ್ದರು. ಅವನಿಗೂ ಅದು ಬಾಯಿಪಾಠವಾಗಿತ್ತು. ಆ ದಿನ ಒಂದೇ ಒಂದು ದಿನ ಆ ಪಾಠ ಮರೆತಿದ್ದರೆ ಅವನ ಕಂಪನಿ ಬಚಾವಾಗುತ್ತಿತ್ತು. ಮರೆಯಲಿಲ್ಲ ಮಹಾರಾಯ.

ಅವನು ಹೋದಮೇಲೆ ಹೊಸ ಡಬ್ಬ ತಿರುಗಿಸಿ ನೋಡಿದೆ. ಅದೇ ಬಣ್ಣ, ಅದೇ ಅಕ್ಷರ, ಅದೇ ಗೆರೆ. ಪ್ಯಾಕಿಂಗ್ ಎಳ್ಳಷ್ಟೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ನಂಬರ್ ಒಂದೇ.

ಆ ವಾರ ಬಂದ ಗಿರಾಕಿಗಳ ಮಾತು ಒಂದೊಂದಾಗಿ ನೆನಪಾಯಿತು. ಬೇಕರಿಯವನು ತನ್ನ ತಾಯಿಗೆ ಮತ್ತೆ ಫಿಟ್ಸ್ ಶುರುವಾಗಿದೆ ಎಂದಿದ್ದ. ಗೋಡೌನ್ ಕಾವಲುಗಾರ ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ. ಅವರಿಗೂ ಡಾಕ್ಟರು ಹೇಳಿದ್ದು ಅದೇ, ತಪ್ಪಿಸಿದ್ದೀರಿ ಎಂದು. ನಾನೂ ಕೌಂಟರಿನ ಮೇಲೆ ಬಗ್ಗಿ ಬುದ್ಧಿ ಹೇಳಿ ಕಳಿಸಿದ್ದೆ: "ಮಾತ್ರೆ ಸರಿಯಾಗಿ ತಗೊಳ್ಳಿ." ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ! ಎಲ್ಲರೂ ಒಂದೇ ಡಬ್ಬದ ಗಿರಾಕಿಗಳು. ಎಲ್ಲರೂ ನಾಲ್ಕು, ಆರು, ಎಂಟು ಕೊಳ್ಳುವವರು.

ಮರುದಿನ ತಂಗಿಯನ್ನು ಕರೆದುಕೊಂಡು ಔಷಧಿ ತಪಾಸಣೆಯ ಕಚೇರಿಗೆ ಹೋದೆ. ಅವಳು ತಂದದ್ದು ಹಿಂದಿನ ರಾತ್ರಿ ಖಾಲಿಯಾದ ಸ್ಟ್ರಿಪ್ಪಿನ ತುಂಡು. ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಸತ್ತ ಜಿರಲೆ ಹಿಡಿದ ಹಾಗೆ ಹಿಡಿದ.

"ಬ್ಯಾಚ್ ನಂಬರ್ ಎಲ್ಲಿ?"

"ಇದರಲ್ಲಿ ಇಲ್ಲ ಸಾರ್."

"ನಂಬರ್ ಇಲ್ಲದೆ ಯಾವ ಮಾತ್ರೆ ಅಂತ ಬರ್ಕೊಳ್ಳಲಿ? ಕಂಪನಿಯೋರು ಇದು ನಮ್ದೇ ಅಲ್ಲ ಅಂತಾರೆ. ಯಾರ್ರೀ ಇದನ್ನ ಹೀಗೆ ಕತ್ತರಿಸಿದ್ದು?"

ನಾನು ಹೇಳಿದೆ: "ಅಂಗಡಿಯವರು."

ಮೆಟ್ಟಿಲು ಇಳಿಯುವಾಗ ತಂಗಿ ನಗಲು ಶುರು ಮಾಡಿದಳು. ಖುಷಿಯ ನಗುವಲ್ಲ.

"ಅಂಗಡಿಯವರಂತೆ! ಯಾರಣ್ಣ ಅದು? ನಂಗೂ ಸ್ವಲ್ಪ ಪರಿಚಯ ಮಾಡಿಸು."

ಅಲ್ಲಿಂದ ಹಾಗೇ ಅವಳ ಮನೆಗೆ ಹೋದೆವು. ಅವಳು ಕಪಾಟಿನಿಂದ ಒಂದು ಬಿಳಿ ಲೈನಿಂಗ್ ಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿದಳು. ಮೊದಲನೇ ಸಲ ಬಿದ್ದು ಬಂದ ದಿನದಿಂದ, ಖಾಲಿಯಾದ ಪ್ರತಿ ತುಂಡನ್ನೂ ಆ ಬಟ್ಟೆಗೆ ಟಾಕು ಹಾಕಿ ಹೊಲಿದಿದ್ದಳು. ಪ್ರತಿ ಮಾತ್ರೆಯ ಗುಳಿಯ ಕೆಳಗೂ ಪೆನ್ನಿನಲ್ಲಿ ತಾರೀಖು, ನುಂಗಿದ ಹೊತ್ತು. ಒಂದು ದಿನವೂ ಬಿಟ್ಟಿರಲಿಲ್ಲ.

"ಇದನ್ನ ಡಾಕ್ಟ್ರಿಗೆ ತೋರಿಸೋಕೆ ಮಾಡಿದ್ಯಾ?" ಎಂದೆ.

"ಡಾಕ್ಟ್ರು ಯಾರು ನನಗೆ? ನಿನಗೆ ತೋರಿಸೋಕೆ ಮಾಡಿದ್ದು."

ಬಗ್ಗಿ ಆ ತುಂಡುಗಳನ್ನೇ ನೋಡಿದೆ. ಕಣ್ಣಿಗೆ ಏನೋ ಬಿತ್ತು. ಕತ್ತರಿಸಿದ ಅಂಚಿನಲ್ಲಿ ಒಂದು ಸಣ್ಣ ಹಲ್ಲು. ನನ್ನ ಕತ್ತರಿಯ ಅಲಗಿನಲ್ಲಿ ಒಂದು ಕಚ್ಚು ಇತ್ತು, ಎಂದೋ ಪಾರ್ಸೆಲ್ಲಿನ ತಂತಿ ಕತ್ತರಿಸಲು ಹೋಗಿ ಆದದ್ದು. ಇದು ನನ್ನದೇ ಕೈ! ಈ ಎಂಟರ ತುಂಡನ್ನು ಕತ್ತರಿಸಿದಾಗ ಉಳಿದ ಎರಡು ಎಲ್ಲಿ?

"ಡಬ್ಬಿ!" ಎಂದು ಕೂಗಿದೆ. "ಬಿಸ್ಕತ್ತಿನ ಡಬ್ಬಿ ಕಣೇ!"

ಕಟ್ ಸ್ಟ್ರಿಪ್ ಮುಟ್ಟಲ್ಲ ಎಂದು ರೆಪ್ ಬಿಟ್ಟು ಹೋದ ತುದಿಗಳು ಅಲ್ಲೇ ಇದ್ದವು, ನಂಬರ್ ಸಮೇತ, ಮಾತ್ರೆ ಸಮೇತ.

ಬೆಳಿಗ್ಗೆ ಅಂಗಡಿ ತೆರೆದದ್ದೇ ಡಬ್ಬಿ ಮೇಜಿನ ಮೇಲೆ ಸುರುವಿದೆ. ಆ ಬಿಳಿ ಮಾತ್ರೆಯ ತುದಿ ಐದು ಇದ್ದವು. ಯಜಮಾನರು ಅಷ್ಟು ಹೊತ್ತಿಗೆ ವಿಷಯ ಕೇಳಿದ್ದರು.

"ಅದನ್ನ ಅಲ್ಲೇ ಇಡು. ಅದು ಹೊರಗೆ ಹೋದ್ರೆ ನಾಳೆಯಿಂದ ಕಂಪನಿ ನಮಗೆ ಮಾಲು ಕೊಡಲ್ಲ."

"ನನ್ನ ತಂಗಿ ಬಿದ್ದಿದ್ದಾಳೆ ಯಜಮಾನ್ರೇ."

"ನಂಗೂ ಬೇಜಾರಿದೆ ಕಣೋ. ಆದ್ರೆ ಅಂಗಡಿ ಮಾಲು ನೀನು ಎತ್ತಿಕೊಂಡು ಹೋದ್ರೆ ಅದಕ್ಕೆ ಕಳ್ಳತನ ಅಂತಾರೆ."

ಅದೂ ಸರಿಯೇ. ನಾನು ಕಳ್ಳನಲ್ಲ. ಏನು ಮಾಡಿದೆ ಗೊತ್ತೇ? ಕೌಂಟರಿನ ಹಲಗೆ ಎತ್ತಿ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ಆಚೆ ಕಡೆ ಹೋಗಿ ಗಿರಾಕಿಗಳ ಸಾಲಿನಲ್ಲಿ ನಿಂತೆ. ಆಗಲೇ ಅಲ್ಲಿ ನಾಲ್ಕು ಜನ ಇದ್ದರು. ನನ್ನ ಸರದಿ ಬಂದಾಗ ತಂಗಿಯ ಚೀಟಿ ಇಟ್ಟೆ.

"ಈ ಮಾತ್ರೆ ಹತ್ತು ಕೊಡಿ. ಆ ಐದು ತುದಿಗಳೇ ಬೇಕು. ಬಿಲ್ ಮಾಡಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೀರಿ."

"ತಮಾಷೆ ಮಾಡ್ತಿದ್ದೀಯಾ?"

"ಗಿರಾಕಿ ಜೊತೆ ಹೀಗೆ ಮಾತಾಡ್ತಾರಾ?"

ಹಿಂದೆ ನಿಂತಿದ್ದ ಒಬ್ಬ ಹೆಂಗಸು "ಕೊಡ್ರೀ ಬೇಗ, ನಮಗೂ ಕೆಲಸ ಇದೆ" ಎಂದಳು. ಇನ್ನೊಬ್ಬ "ಬಿಲ್ ಕೇಳಿದ್ರೆ ಯಾಕ್ ಕೊಡಲ್ಲ? ಏನ್ ವಿಷಯ?" ಎಂದು ಕತ್ತು ಚಾಚಿದ. ಯಜಮಾನರು ಬಿಲ್ ಪುಸ್ತಕ ಎಳೆದುಕೊಂಡರು. ಬರೆದುಕೊಟ್ಟರು. ಅಕ್ಷರ ಸ್ಪಷ್ಟವಾಗಿ ಬರೆದರು, ಆ ಒಂದಕ್ಕೆ ಅವರಿಗೆ ಇಂದಿಗೂ ಕೈ ಮುಗಿಯುತ್ತೇನೆ. ಬರೆದಾದ ಮೇಲೆ, "ಇನ್ನು ಈ ಕಡೆ ಬರಬೇಡ" ಎಂದರು.

"ಗಿರಾಕಿಯಾಗಿ ಬರ್ತೀನಿ" ಎಂದೆ. ಕತ್ತರಿಯನ್ನೂ ತೆಗೆದುಕೊಂಡೆ. ಅದು ನನ್ನದು, ನಾನೇ ತಂದದ್ದು.

ನಮ್ಮ ಸಂಘ ಆಗ ಇಷ್ಟು ದೊಡ್ಡದಿರಲಿಲ್ಲ ಮೇಡಂ. ಒಂದು ಬಾಡಿಗೆ ಕೋಣೆ, ಎರಡು ಕುರ್ಚಿ, ಕಿವಿ ಮಂದವಾದ ಒಬ್ಬರು ವಕೀಲರು. ಅವರ ಹತ್ತಿರ ಗುಟ್ಟು ಹೇಳುವ ಹಾಗೇ ಇರಲಿಲ್ಲ, ಇಡೀ ಬೀದಿಗೆ ಕೇಳುವಂತೆ ಕೂಗಬೇಕಿತ್ತು. ಅವರೇ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಹಾಕಿದರು. ಬೇಕರಿಯವನೂ ಕಾವಲುಗಾರನೂ ಜೊತೆಗೆ ಸಹಿ ಹಾಕಿದರು.

ದೂರು ಹೋದ ಹದಿನೈದು ದಿನಕ್ಕೆ ಕಂಪನಿಯ ಒಬ್ಬ ಅಧಿಕಾರಿ ವರ್ಕ್‌ಶಾಪಿಗೇ ಬಂದ. ಹೊಳೆಯುವ ಬೂಟು. ರೆಪ್ ಹಿಂದೆ ಬ್ಯಾಗ್ ಹಿಡಿದಿದ್ದ. ನಾನು ತಂಗಿಗೆ ಊಟದ ಡಬ್ಬಿ ತಂದವನು ಅಲ್ಲೇ ಇದ್ದೆ. ಅವಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ದಾರ ಕತ್ತರಿಸುತ್ತಿದ್ದಳು.

"ಮೇಡಂ, ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ" ಎಂದು ಶುರು ಮಾಡಿದ. "ನೀವು ಬದುಕಿರೋವರೆಗೂ ಮಾತ್ರೆ ನಮ್ಮದು. ಅಗ್ಗದ್ದಲ್ಲ, ಹೊಸದು, ಇಡೀ ಸ್ಟ್ರಿಪ್, ಮನೆ ಬಾಗಿಲಿಗೆ ಬರುತ್ತೆ. ದೂರು ವಾಪಸ್ ತಗೊಂಡು, ಈ ವಿಷಯ ಯಾರ ಹತ್ರನೂ ಮಾತಾಡಲ್ಲ ಅಂತ ಇಲ್ಲಿ ಒಂದು ಸಹಿ ಹಾಕಿದ್ರೆ ಸಾಕು."

ತಂಗಿ ಕಾಗದವನ್ನು ಓದಿದಳು. ಪೂರ್ತಿ ಓದಿದಳು. ಆಮೇಲೆ ಒಳಗೆ ಕೂತ ಹೆಂಗಸರ ಕಡೆ ತಿರುಗಿದಳು.

"ನೋಡ್ರೇ, ಬಾಯಿಗೆ ಹೊಲಿಗೆ ಹಾಕೋಕೆ ಟೈಲರ್ ಹತ್ರನೇ ಬಂದಿದ್ದಾರೆ!"

ಹತ್ತು ಮೆಷಿನ್ನೂ ನಿಂತವು. ಒಬ್ಬಳು ಕಿಸಕ್ಕೆಂದು ನಕ್ಕಳು.

"ಅಲ್ಲಪ್ಪಾ, ಬೇಕರಿಯವರ ಅಮ್ಮ? ಆ ಕಾವಲುಗಾರ? ನಂಗೆ ಪರಿಚಯ ಇಲ್ಲದೋರು ಎಷ್ಟು ಜನ ಬಿದ್ದಿದ್ದಾರೋ, ಅವರಿಗೆಲ್ಲ ಏನು?"

"ಅದು ಬೇರೆ ವಿಷಯ ಮೇಡಂ. ನೋಡಿ, ಅಗ್ಗದ ಮಾತ್ರೆ ಅಂದ್ರೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತೆ..."

ಅಲ್ಲಿ ಕೆಟ್ಟ ಅವನು. ತಂಗಿ ಸ್ಟೂಲಿನಿಂದ ಎದ್ದಳು. ಮಡಿಲಲ್ಲಿದ್ದ ಅಂಗಿಯನ್ನು ಕೊಡವಿ ಅವನ ಮುಖದ ಮುಂದೆ ಹಿಡಿದಳು.

"ಇದು ಅತಿ ಅಗ್ಗದ ಬಟ್ಟೆ. ಇದಕ್ಕಿಂತ ಅಗ್ಗದ್ದು ಮಾರ್ಕೆಟ್ಟಲ್ಲಿ ಇಲ್ಲ. ಎರಡು ತೋಳು ಇದೆಯಾ? ಎಣಿಸ್ಕೊಳ್ಳಿ. ಅಗ್ಗದ್ದು ಅಂತ ನಾನು ಒಂದೇ ತೋಳು ಇಟ್ಟು ಕಳಿಸ್ತೀನಾ? ಕಳಿಸಿ, ಮಗುಗೆ ನೀನೇ ತೋಳು ಕಳ್ಕೊಂಡಿದ್ದೀಯ ಅಂತೀನಾ?"

ಬೂಟಿನವನು ಕಾಗದ ಮಡಚಿಕೊಂಡ. ರೆಪ್ ನೆಲ ನೋಡುತ್ತಿದ್ದ. ವರ್ಕ್‌ಶಾಪಿನ ಅಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಈಗ ವಿಚಾರಣೆಯ ದಿನ. ನೀರು ಕುಡಿದುಕೊಂಡೆ, ಗಂಟಲು ಸರಿಯಾಗಿದೆ.

ನ್ಯಾಯಾಲಯ ಎಂದರೆ ದೊಡ್ಡ ಕಂಬ, ಎತ್ತರದ ಪೀಠ ಎಂದುಕೊಂಡಿದ್ದೆ. ಹಾಗೇನಿಲ್ಲ. ಎರಡನೇ ಮಹಡಿಯ ಒಂದು ಕೋಣೆ, ಕಿರ್ ಕಿರ್ ಎನ್ನುವ ಫ್ಯಾನು, ಕಡತಗಳ ಗುಡ್ಡೆ. ಅಧ್ಯಕ್ಷರು ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಕಂಪನಿಯ ವಕೀಲ ಒಳ್ಳೆ ಮಾತುಗಾರ. ಮೊದಲು ನನ್ನನ್ನೇ ಹಿಡಿದ.

"ಈ ಸ್ಟ್ರಿಪ್ ಕತ್ತರಿಸಿದ್ದು ಯಾರು?"

ಹಿಂದಿನ ಬೆಂಚಿನಿಂದ ತಂಗಿ ಕೆಮ್ಮಿದಳು. ಆ ಕೆಮ್ಮು ಬೇಕಾಗಿರಲಿಲ್ಲ, ಈ ಸಲ ನಾನು ತಯಾರಾಗಿಯೇ ಬಂದಿದ್ದೆ.

"ನಾನು. ನಲವತ್ತೊಂದು ವರ್ಷದಿಂದ ನಾನೇ. ನಂಬರ್ ಇರೋ ತುದಿ ಅಂಗಡಿಗೆ ಇಟ್ಕೊಂಡು, ಇಲ್ಲದ್ದನ್ನ ಗಿರಾಕಿಗೆ ಕೊಟ್ಟಿದ್ದೀನಿ. ಇವಳಿಗೂ ಕೊಟ್ಟಿದ್ದೀನಿ. ಅದು ನನ್ನ ತಪ್ಪು, ಬರ್ಕೊಳ್ಳಿ. ನಿಮ್ಮ ಕಂಪನಿಯೋರು ಹೀಗೆ ಒಂದು ತಪ್ಪಾದ್ರೂ ಒಪ್ಕೊಳ್ತಾರಾ ಕೇಳಿ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದರು ಅಧ್ಯಕ್ಷರು. ಆದರೆ ಬರೆದುಕೊಂಡರು.

ತಂಗಿ ಬಂದು ಬಿಳಿ ಬಟ್ಟೆ ಮೇಜಿನ ಮೇಲೆ ಹಾಸಿದಳು. ಎಂಟರ ತುಂಡಿನ ಪಕ್ಕ ಒಂದು ತುದಿಯನ್ನು ಇಟ್ಟು ಮೆಲ್ಲಗೆ ಸರಿಸಿದಳು. ಅಂಚಿಗೆ ಅಂಚು ಕೂತಿತು, ಕಚ್ಚಿನ ಹಲ್ಲೂ ಕೂತಿತು.

ವಕೀಲ ನಕ್ಕ. "ಕತ್ತರಿಯಲ್ಲಿ ಕಚ್ಚು ಇದೆ ಅಂತ ಇವರೇ ಹೇಳ್ತಿದ್ದಾರೆ. ಆ ಕತ್ತರಿಯಲ್ಲಿ ಕತ್ತರಿಸಿದ್ದೆಲ್ಲ ಹೀಗೇ ಇರುತ್ತೆ. ಯಾವ ತುದಿ ಬೇಕಾದ್ರೂ ಯಾವ ತುಂಡಿಗೆ ಬೇಕಾದ್ರೂ ಸೇರುತ್ತೆ. ಇದೇನು ಸಾಕ್ಷಿ?"

ಅದು ನಿಜವಾದ ಮಾತು. ನಮ್ಮ ವಕೀಲರಿಗೆ ಅವನು ಹೇಳಿದ್ದು ಸರಿಯಾಗಿ ಕೇಳಿಸಲೂ ಇಲ್ಲ. "ಏನಂದ್ರು? ಏನಂದ್ರು?" ಎನ್ನುತ್ತಿದ್ದರು.

ತಂಗಿ ಮಾತ್ರ ಹೆದರಲಿಲ್ಲ. "ಸಾರ್, ನೀವು ಹಾಕಿರೋ ಅಂಗಿ ಚೌಕಳಿ ಅಲ್ವಾ?" ಎಂದಳು.

"ನನ್ನ ಅಂಗಿ ಯಾಕೆ?"

"ಜೇಬು ನೋಡ್ಕೊಳ್ಳಿ. ಜೇಬಿನ ಗೆರೆ ಅಂಗಿ ಗೆರೆಗೆ ಸೇರಿಲ್ಲ, ಎರಡು ನೂಲು ಕೆಳಗಿದೆ. ಹೊಲಿದೋನು ಸೋಮಾರಿ."

ವಕೀಲ ಬಗ್ಗಿ ಜೇಬು ನೋಡಿಕೊಂಡ. ಅಧ್ಯಕ್ಷರೂ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅಂಚು ಯಾವುದಕ್ಕೆ ಬೇಕಾದ್ರೂ ಸೇರುತ್ತೆ, ನಿಜ. ಗೆರೆ ಸೇರಲ್ಲ" ಎಂದು ತಂಗಿ ಟಾಕು ಬಿಚ್ಚಿ, ತುಂಡನ್ನೂ ತುದಿಯನ್ನೂ ಮಗುಚಿದಳು. ಹಾಳೆಯ ಹಿಂಬದಿ ಔಷಧಿಯ ಹೆಸರು ಓರೆಯಾಗಿ, ಸಾಲು ಸಾಲಾಗಿ ಅಚ್ಚಾಗಿರುತ್ತದಲ್ಲ, ಕತ್ತರಿ ಆ ಅಕ್ಷರಗಳ ಮೇಲೆ ಹಾದುಹೋಗಿತ್ತು. "ಒಂದೊಂದು ಸ್ಟ್ರಿಪ್ಪಲ್ಲಿ ಅಕ್ಷರ ಒಂದೊಂದು ಕಡೆ ತುಂಡಾಗಿರುತ್ತೆ. ಇಗೋ, ಈ ಅಕ್ಷರದ ತಲೆ ನನ್ನ ತುಂಡಲ್ಲಿದೆ, ಕಾಲು ಈ ತುದಿಯಲ್ಲಿದೆ. ಇನ್ನೂ ನಾಲ್ಕು ತುದಿ ಇವೆ ಸಾರ್. ನೀವೇ ಸೇರಿಸಿ. ಒಂದಾದ್ರೂ ಸೇರಿದ್ರೆ ನಾನು ಮನೆಗೆ ಹೋಗ್ತೀನಿ."

ವಕೀಲ ಮೊದಲನೆಯದನ್ನು ಇಟ್ಟ. ಅಕ್ಷರದ ತಲೆಯ ಕೆಳಗೆ ಬೇರೆ ಅಕ್ಷರದ ಹೊಟ್ಟೆ ಬಂತು. ಎರಡನೆಯದರಲ್ಲಿ ಸಾಲೇ ತಪ್ಪಿತು. ಮೂರನೆಯದೂ ಸೇರಲಿಲ್ಲ. ನಾಲ್ಕನೆಯದನ್ನು ಅವನು ಕೈಗೆ ತೆಗೆದುಕೊಂಡು ಹಾಗೇ ಕೆಳಗಿಟ್ಟ.

"ಅದನ್ನೂ ಇಡಿ" ಎಂದರು ಅಧ್ಯಕ್ಷರು.

ಇಟ್ಟ. ಸೇರಲಿಲ್ಲ.

ತಂಗಿಯ ತುಂಡಿಗೆ ಸೇರಿದ ತುದಿಯಲ್ಲಿ ನಂಬರ್ ಇತ್ತು, ಎರಡು ಮಾತ್ರೆಯೂ ಇದ್ದವು. ಉಳಿದ ತುದಿಗಳಲ್ಲೂ ಅದೇ ನಂಬರ್. ಅಧ್ಯಕ್ಷರು ಹತ್ತೂ ಮಾತ್ರೆಗಳನ್ನು ಲಕೋಟೆಗೆ ಹಾಕಿ ಅರಗು ಒತ್ತಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎರಡೂವರೆ ತಿಂಗಳು ಹಿಡಿಯಿತು. ಸ್ಟ್ರಿಪ್ಪಿನ ಮೇಲೆ ಬರೆದಿದ್ದ ಔಷಧಿಯಲ್ಲಿ ಮೂರನೇ ಒಂದು ಪಾಲೂ ಒಳಗಿರಲಿಲ್ಲ. ಅಂಗಡಿಯಲ್ಲಿ ಬಿಸಿಲಿಗೆ ಇಟ್ಟಿದ್ದರು ಎಂದು ಕಂಪನಿ ಹೊಸ ರಾಗ ತೆಗೆಯಿತು. ಹಾಗಿದ್ದರೆ ಆ ನಂಬರಿನ ಸ್ಟ್ರಿಪ್ಪನ್ನೇ ಹುಡುಕಿ ಯಾಕೆ ವಾಪಸ್ ಒಯ್ದಿರಿ, ಆ ದಿನ ರೆಪ್ಪಿಗೆ ಬಂದ ಆದೇಶದ ಕಾಗದ ತನ್ನಿ ಎಂದರು ಅಧ್ಯಕ್ಷರು. ಕಾಗದ ಬಂತು. ಅದರಲ್ಲಿ ಸ್ಪಷ್ಟವಾಗಿತ್ತು: ಔಷಧಿ ಕಡಿಮೆ ಬಿದ್ದಿದೆ, ಸದ್ದಿಲ್ಲದೆ ವಾಪಸ್ ತನ್ನಿ. ಜನ ಬೀಳುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ, ಬಿದ್ದವರೇ ಮಾತ್ರೆ ತಪ್ಪಿಸಿದ್ದಾರೆ ಎಂದು ಡಾಕ್ಟರುಗಳು ಹೇಳುವುದನ್ನು ಕೇಳಿಕೊಂಡು ಸುಮ್ಮನಿದ್ದರು. ಪಕ್ಕದಲ್ಲೇ ಆರು ಪಟ್ಟು ಬೆಲೆಯ ಹೊಸ ಮಾತ್ರೆ ಮಾರುತ್ತಿದ್ದರು. ಇಂಥವರಿಗೆ ಏನನ್ನಬೇಕು? ನಾನು ಅಂದದ್ದನ್ನು ನೀವು ಅಚ್ಚು ಹಾಕುವುದಿಲ್ಲ, ಗೊತ್ತು. ಖಾಲಿ ಗೆರೆಯಾದರೂ ಬಿಡಿ.

ತೀರ್ಪಿನ ಪ್ರಕಾರ ಆ ನಂಬರನ್ನು ಪ್ರತಿ ಮೆಡಿಕಲ್ ಶಾಪಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಬೇಕಾಯಿತು, ಅದೂ ಕಂಪನಿಯ ಹೆಸರಿನಲ್ಲೇ, ಕಂಪನಿಯ ತಪ್ಪೊಪ್ಪಿಗೆಯ ಜೊತೆ. ನಮ್ಮ ಹಳೆ ಅಂಗಡಿಯ ಬಾಗಿಲಿಗೂ ಅಂಟಿಸಿದರು. ನಾನು ಅದರ ಮುಂದೆ ನಿಂತು ಎರಡು ಸಲ ಓದಿದೆ, ಆಮೇಲೆ ಒಳಗೆ ಹೋಗಿ ತಲೆನೋವಿಗೆ ಎರಡು ಮಾತ್ರೆ ಕೇಳಿದೆ. ಯಜಮಾನರು ನನ್ನನ್ನು ನೋಡಿದರು. ಕತ್ತರಿ ತೆಗೆದುಕೊಂಡು ಎರಡು ಕತ್ತರಿಸಿ, ಕವರಿನ ಮೇಲೆ ನಂಬರ್ ಬರೆದು ಕೊಟ್ಟರು. ನನಗೆ ತಲೆನೋವೇ ಇರಲಿಲ್ಲ.

ಕೊನೆಯದು ಹೇಳಿ ಮುಗಿಸುತ್ತೇನೆ.

ತೀರ್ಪಿನ ಪ್ರತಿ ಹಿಡಿದುಕೊಂಡು, ಕತ್ತರಿಯನ್ನು ಎಂದಿನಂತೆ ಜೇಬಿನಲ್ಲಿಟ್ಟುಕೊಂಡು ವರ್ಕ್‌ಶಾಪಿಗೆ ಹೋದೆ. ಬಾಗಿಲ ಬಳಿ ಸ್ಟೂಲ್ ಖಾಲಿ ಇತ್ತು. ಒಳಗೆ ಹನ್ನೊಂದು ಮೆಷಿನ್ನೂ ಓಡುತ್ತಿದ್ದವು. ಕಿಟಕಿ ಪಕ್ಕದಲ್ಲಿ ತಂಗಿ ಕಾಲರ್ ಕೂರಿಸುತ್ತಿದ್ದಳು. ವರ್ಕ್‌ಶಾಪಿನ ಅಕ್ಕ ಬೆಳಿಗ್ಗೆಯೇ ಪೇಪರಿನಲ್ಲಿ ಓದಿ, ತಾನೇ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ಇವಳನ್ನು ಕರೆದಿದ್ದಳಂತೆ.

ನಾನು ಪಕ್ಕದಲ್ಲಿ ನಿಂತೆ. ಅವಳು ತಲೆ ಎತ್ತಲಿಲ್ಲ.

"ಕಂಪನಿ ಒಪ್ಕೊಳ್ತಂತೆ" ಎಂದಳು.

"ಹೂಂ, ಒಪ್ಕೊಳ್ತು."

"ಡಾಕ್ಟ್ರು ಫೋನ್ ಮಾಡಿದ್ರು. ಅವರೂ ಏನೋ ಗೊಣಗಿದ್ರು." ಬಟ್ಟೆ ತಿರುಗಿಸಿದಳು. "ಮತ್ತೆ ನೀನು?"

ಇಷ್ಟೆಲ್ಲ ಓಡಾಡಿದ್ದೆ, ಕೆಲಸ ಕಳೆದುಕೊಂಡಿದ್ದೆ, ನ್ಯಾಯಾಲಯದಲ್ಲಿ ಕತ್ತರಿಸಿದ್ದು ನಾನೇ ಎಂದಿದ್ದೆ. ಆದರೆ ಆಸ್ಪತ್ರೆಯ ಹೊರಗೆ ಆಡಿದ ಆ ಮಾತನ್ನು ನಾನು ವಾಪಸ್ ತೆಗೆದುಕೊಂಡಿರಲೇ ಇಲ್ಲ. ಅವಳು ಅದನ್ನು ಮರೆತಿರಲೂ ಇಲ್ಲ.

"ನಿನ್ನ ನಂಬಲಿಲ್ಲ ಕಣೇ" ಎಂದೆ. "ತಪ್ಪಾಯ್ತು."

"ಏನು? ಮೆಷಿನ್ ಸದ್ದು. ಕೇಳಿಸ್ತಿಲ್ಲ."

"ನಿನ್ನ ನಂಬಬೇಕಿತ್ತು! ತಪ್ಪಾಯ್ತು!"

"ಇನ್ನೂ ಜೋರಾಗಿ."

ಹತ್ತು ಹೆಂಗಸರ ಮುಂದೆ, ಹನ್ನೊಂದು ಮೆಷಿನ್ನಿನ ಸದ್ದನ್ನೂ ಮೀರಿಸಿ, ಗಂಟಲು ಹರಿಯುವ ಹಾಗೆ ಕೂಗಿದೆ. "ನೀನು ಒಂದು ಮಾತ್ರೆನೂ ತಪ್ಪಿಸಿರಲಿಲ್ಲ! ತಪ್ಪು ನಂದು!"

ತಂಗಿ ಆಗ ಮೆಷಿನ್ ನಿಲ್ಲಿಸಿದಳು. ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ, ಮುಗಿದ ಅಂಗಿಯನ್ನು ನನ್ನ ಕೈಗೆ ಕೊಟ್ಟಳು.

"ಕೇಳಿಸ್ತು ಬಿಡು. ಕತ್ತರಿ ತಂದಿದ್ದೀಯಲ್ಲ, ಆ ಸ್ಟೂಲ್ ಮೇಲೆ ಕೂತು ಉಳಿದಿರೋ ದಾರ ಕತ್ತರಿಸು. ಈ ಸಲ ನೋಡ್ಕೊಂಡು ಕತ್ತರಿಸು."